ಸಚಿವರು ಉದ್ಘಾಟಿಸಲಾಗದ ಗೋಡೆ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಾಜಧಾನಿ ರೆಜಿನಾದಲ್ಲಿ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೂ ಇಳಿಯುವುದುಂಟು. 1973ರ ತೈಲ ಬಿಕ್ಕಟ್ಟು ಬಂದು ಜಗತ್ತಿನ ಸರ್ಕಾರಗಳೆಲ್ಲ ಉಳಿತಾಯದ ಜಪಕ್ಕೆ ಕುಳಿತಾಗ ಆ ಪ್ರಾಂತ್ಯದ ಸರ್ಕಾರಕ್ಕೂ ತಾನು ಏನೋ ಮಾಡಿದೆ ಎಂದು ತೋರಿಸಿಕೊಳ್ಳಬೇಕಾಯಿತು. ಎಂಜಿನಿಯರುಗಳನ್ನು ಕರೆದು, ನಮ್ಮ ಹವೆಗೆ ಹೊಂದುವಂಥ ಒಂದು ಸೋಲಾರ್ ಮನೆ ಕಟ್ಟಿಕೊಡಿ ಎಂದಿತು. ಸೋಲಾರ್ ಎಂದರೆ ಹೊಳೆಯುತ್ತದೆ. ಹೊಳೆಯುವುದು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಫೋಟೋದಲ್ಲಿ ಚೆನ್ನಾಗಿ ಬರುವುದಕ್ಕೆ ಬಜೆಟ್ಟಿನಲ್ಲಿ ಜಾಗ ಸಿಗುತ್ತದೆ. ಇಷ್ಟರ ಮಟ್ಟಿಗೆ ಸರ್ಕಾರದ ತರ್ಕದಲ್ಲಿ ದೋಷವಿರಲಿಲ್ಲ.

ಎಂಜಿನಿಯರುಗಳು ಮಾತ್ರ ನಂಬಿಕೆಗೆ ಅರ್ಹರಲ್ಲದ ಜನ. ಕೂತು ಲೆಕ್ಕ ಹಾಕಿಬಿಟ್ಟರು. ಡಿಸೆಂಬರಿನಲ್ಲಿ ರೆಜಿನಾದ ಹಗಲು ಎಂಟು ಗಂಟೆ. ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 16 ಡಿಗ್ರಿ ಮೇಲೇರಿದರೆ ಅದೇ ಹೆಚ್ಚು. ಅವನು ಕೊಡುವ ಚೂರುಪಾರು ಬಿಸಿಲನ್ನು ಹಿಡಿದು, ತೊಟ್ಟಿಯಲ್ಲಿ ಕೂಡಿಟ್ಟು, ರಾತ್ರಿಯೆಲ್ಲ ಮನೆ ಕಾಯಿಸುವುದೆಂದರೆ ಮನೆಗಿಂತ ತೊಟ್ಟಿಯೇ ದೊಡ್ಡದಾದೀತು. ಹೆರಾಲ್ಡ್ ಆರ್, ರಾಬ್ ಡ್ಯುಮಾಂಟ್, ಡೇವಿಡ್ ಐರ್ ಮೊದಲಾದವರಿದ್ದ ಆ ತಂಡಕ್ಕೆ ಆಗ ಯಾವ ಸಚಿವಾಲಯಕ್ಕೂ ಹೊಳೆಯದ ಒಂದು ವಿಚಾರ ಹೊಳೆಯಿತು: ಒಳಗೆ ಬರುವುದನ್ನು ಹೆಚ್ಚಿಸುವುದಕ್ಕೆ ಒದ್ದಾಡುವ ಮೊದಲು ಹೊರಗೆ ಹೋಗುವುದನ್ನು ನಿಲ್ಲಿಸಬಾರದೇಕೆ?

1977ರಲ್ಲಿ ಮನೆ ಎದ್ದು ನಿಂತಿತು. ಒಂದಡಿ ದಪ್ಪದ ಜೋಡಿ ಮರದ ಗೋಡೆ, ಅದರ ಹೊಟ್ಟೆ ತುಂಬ ಇನ್ಸುಲೇಷನ್. ಶಾಖವನ್ನು ತಡೆದು ನಿಲ್ಲಿಸುವ ಶಕ್ತಿಯನ್ನು ಉತ್ತರ ಅಮೆರಿಕದಲ್ಲಿ ‘ಆರ್’ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಈ ಮನೆಯ ಗೋಡೆಗೆ 40ರ ಮೇಲೆ, ಮಾಡಿಗೆ 60. ಆ ಕಾಲದ ಸಾಮಾನ್ಯ ಮನೆಯ ಗೋಡೆ ಇದರ ಮೂರನೇ ಒಂದು ಪಾಲು ದಾಟಿದರೆ ಹೆಮ್ಮೆಪಡುತ್ತಿತ್ತು. ಒಳಮೈಗೆ ಎಲ್ಲಿಯೂ ಸಂದು ಬಿಡದ ಪಾಲಿಥೀನ್ ಹಾಳೆ. ಮನೆಯನ್ನು ಇಷ್ಟು ಬಿಗಿಯಾಗಿ ಮುಚ್ಚಿದರೆ ಉಸಿರಾಡುವುದು ಹೇಗೆ? ಅದಕ್ಕೊಂದು ಹೀಟ್ ಎಕ್ಸ್‌ಚೇಂಜರ್: ಹೊರಹೋಗುವ ಹಳಸು ಗಾಳಿ, ಒಳಬರುವ ತಣ್ಣನೆಯ ತಾಜಾ ಗಾಳಿಗೆ ತನ್ನ ಶಾಖವನ್ನು ಒಪ್ಪಿಸಿಯೇ ಬಾಗಿಲು ದಾಟಬೇಕು. ಇಷ್ಟು ಮಾಡಿದ ಮೇಲೆ ಫರ್ನೆಸ್ಸಿಗೆ ಕೆಲಸವೇ ಉಳಿಯಲಿಲ್ಲ. ಅದನ್ನು ಕೂಡಿಸಲೇ ಇಲ್ಲ. ಮನೆಮಂದಿಯ ಮೈಶಾಖ, ಒಲೆ, ದೀಪ, ಕಿಟಕಿಯಿಂದ ಬಂದ ಬಿಸಿಲು, ಇವೇ ಬಹುಪಾಲು ನೋಡಿಕೊಂಡವು.

ಆದರೆ ಆದೇಶದಲ್ಲಿದ್ದದ್ದು ಸೋಲಾರ್ ಮನೆ. ಆದೇಶಕ್ಕೂ ಒಂದು ಮರ್ಯಾದೆ ಇರುತ್ತದಲ್ಲ! ಹಾಗಾಗಿ ದಕ್ಷಿಣದ ಮುಖಕ್ಕೆ ಗಾಜಿನ ನಿರ್ವಾತ ಕೊಳವೆಗಳ ಸಾಲು, ಒಳಗೊಂದು ದೊಡ್ಡ ನೀರಿನ ತೊಟ್ಟಿ, ನಲ್ಲಿ, ಪಂಪು, ನಿಯಂತ್ರಣದ ಪೆಟ್ಟಿಗೆ. ಸಾವಿರಾರು ಜನ ಮನೆ ನೋಡಲು ಬಂದರು. ಬಂದವರು ಕೊಳವೆಗಳ ಮುಂದೆ ನಿಂತು ಬೆರಗಾದರು. ಗೋಡೆಗೆ ಒರಗಿ ನಿಂತವರಿದ್ದರೇ ಹೊರತು ಗೋಡೆಯನ್ನು ನೋಡಿದವರು ಕಡಿಮೆ. ಮುಂದೆ ಕೊಳವೆಗಳ ವ್ಯವಸ್ಥೆ ಕೈಕೊಡುತ್ತಾ ಬಂತು, ರಿಪೇರಿಯ ಕಾಟ ತಡೆಯಲಾಗದೆ ಅದನ್ನು ಕಿತ್ತೇ ಹಾಕಿದರು. ಮನೆಯನ್ನು ಖಾಸಗಿಯವರಿಗೆ ಮಾರಿದರು. ಗೋಡೆ ಮಾತ್ರ ಯಾವ ತಕರಾರೂ ತೆಗೆಯದೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ನಿಂತಿತು.

ಚಳಿದೇಶದ ಕಟ್ಟಡಗಳ ಇತಿಹಾಸದಲ್ಲಿ ಅಲ್ಲಿಂದೀಚೆಗೆ ನಡೆದದ್ದೆಲ್ಲ ಈ ಕಥೆಯ ಮರುಪ್ರಸಾರ. ಮನೆಯನ್ನು ಬೆಚ್ಚಗಿಡುವ ವಸ್ತು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವ ವಸ್ತುವಿಗೆ ಮಾತ್ರ ಅನುದಾನ. ಸಚಿವರೊಬ್ಬರು ಹೀಟ್ ಪಂಪಿನ ಪಕ್ಕ ನಿಂತು ಟೇಪು ಕತ್ತರಿಸಬಹುದು, ಸೋಲಾರ್ ಫಲಕದ ಕೆಳಗೆ ನಿಂತು ಭಾಷಣ ಮಾಡಬಹುದು. ಅಟ್ಟದ ಕತ್ತಲೆಯಲ್ಲಿ ಮಂಡಿಯೂರಿ, ವೈರು ತೂರಿಸಿದ ತೂತಿಗೆ ಸೀಲಂಟ್ ಮೆತ್ತುವ ಕಾರ್ಮಿಕನ ಪಕ್ಕ ಎಲ್ಲಿ ನಿಲ್ಲುವುದು? ಅಲ್ಲಿ ತಲೆ ಎತ್ತಲೂ ಜಾಗವಿರುವುದಿಲ್ಲ. ಶಾಲು ಹೊದಿಸುವ ಮಾತಂತೂ ದೂರವೇ ಉಳಿಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುವ ರೋಗ ಕನ್ನಡನಾಡಿನ ಖಾಸಗಿ ಆಸ್ತಿ ಎಂದುಕೊಂಡಿದ್ದವರು ಸಸ್ಕಾಚೆವಾನಿಗೆ ಹೋಗಬೇಕು. ಅಲ್ಲಿನವರು ಮರೆತದ್ದನ್ನು ಜರ್ಮನರು ಹೆಕ್ಕಿಕೊಂಡರು. ಸ್ವೀಡನ್ನಿನ ಬೋ ಆಡಮ್ಸನ್ ಮತ್ತು ಜರ್ಮನಿಯ ವೋಲ್ಫ್‌ಗಾಂಗ್ ಫೈಸ್ಟ್ 1988ರಲ್ಲಿ ಈ ವಿಚಾರವನ್ನು ಮುಂದಕ್ಕೆ ಬೆಳೆಸಿದರು. ಡಾರ್ಮ್‌ಸ್ಟಾಟ್ ನಗರದಲ್ಲಿ ನಾಲ್ಕು ಮನೆಗಳ ಒಂದು ಸಾಲು ಎದ್ದಿತು, 1991ರಲ್ಲಿ ಜನ ವಾಸಕ್ಕೆ ಬಂದರು. ಜರ್ಮನರು ಸುಮ್ಮನಿರುವವರೇ? ಅದಕ್ಕೊಂದು ಹೆಸರಿಟ್ಟರು, ಪಾಸಿವ್‌ಹೌಸ್. ಒಂದು ಕಟ್ಟಳೆಯನ್ನೂ ಮಾಡಿದರು: ಒಂದು ಚದರ ಮೀಟರ್ ಜಾಗವನ್ನು ವರ್ಷವಿಡೀ ಬೆಚ್ಚಗಿಡಲು 15 ಯೂನಿಟ್ಟಿಗಿಂತ ಹೆಚ್ಚು ಶಕ್ತಿ ಬೇಕಾಗಬಾರದು, ಫ್ಯಾನಿನಿಂದ 50 ಪಾಸ್ಕಲ್ ಒತ್ತಡ ಹಾಕಿದಾಗ ಗಂಟೆಗೆ ಸೋರುವ ಗಾಳಿ, ಮನೆಯೊಳಗಿನ ಒಟ್ಟು ಗಾಳಿಯ 0.6 ಪಟ್ಟು ಮೀರಬಾರದು. ರೆಜಿನಾದ ಮನೆ ಯಾವ ಕಟ್ಟಳೆಯೂ ಇಲ್ಲದ ಕಾಲದಲ್ಲೇ 0.8 ಮುಟ್ಟಿತ್ತು. ಹೆರಾಲ್ಡ್ ಆರ್ ಅವರಿಗೆ 2015ರಲ್ಲಿ ಜರ್ಮನರು ಪ್ರವರ್ತಕ ಪ್ರಶಸ್ತಿ ಕೊಟ್ಟರು. ಈಗ ಕೆನಡಾದ ಉತ್ಸಾಹಿಗಳು ಜರ್ಮನಿಗೆ ಹೋಗಿ ಕಲಿತು, ಅಲ್ಲಿನ ಪ್ರಮಾಣಪತ್ರ ತಂದು ಗೋಡೆಗೆ ತೂಗುಹಾಕುತ್ತಾರೆ. ಆ ಗೋಡೆಯೊಳಗೆ ಏನಿದೆ ಎಂದು ಕೇಳಬೇಡಿ.

ಕೆನಡಾ ಸರ್ಕಾರ ಇನ್ಸುಲೇಷನ್ನಿಗೆ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ರೆಜಿನಾದ ಮನೆ ಏಳುತ್ತಿದ್ದ ಅದೇ 1977ರಲ್ಲಿ ಒಂದು ಅನುದಾನದ ಯೋಜನೆ ಬಂತು. ಗೋಡೆ ಬಿಚ್ಚಲು ಯಾರಿಗೆ ಪುರಸೊತ್ತಿದೆ? ಗೋಡೆಗೆ ತೂತು ಕೊರೆದು ಯೂರಿಯಾ ಫಾರ್ಮಾಲ್ಡಿಹೈಡ್ ನೊರೆಯನ್ನು ಪಂಪು ಮಾಡಿದರಾಯಿತು. ಬೆಳಿಗ್ಗೆ ಲಾರಿ ಬಂದರೆ ಸಂಜೆಗೆ ಕೆಲಸ ಮುಗಿಯಿತು. ಸುಮಾರು ಒಂದು ಲಕ್ಷ ಮನೆಗಳ ಗೋಡೆಗೆ ಆ ನೊರೆ ಇಳಿಯಿತು. ಆಮೇಲೆ ಅದರಿಂದ ಹೊಮ್ಮುವ ಅನಿಲದ ಬಗ್ಗೆ ಗುಲ್ಲೆದ್ದಿತು. 1980ರ ಡಿಸೆಂಬರಿನಲ್ಲಿ ಸರ್ಕಾರವೇ ಅದನ್ನು ನಿಷೇಧಿಸಿತು. ನಿಷೇಧಿಸಿ ಸುಮ್ಮನಾದರೆ ಅದು ಸರ್ಕಾರ ಹೇಗಾದೀತು? ತೆಗೆಸಿಹಾಕಲು ಮನೆಯೊಂದಕ್ಕೆ 5,000 ಡಾಲರ್‌ವರೆಗೆ ಇನ್ನೊಂದು ಅನುದಾನ ಘೋಷಿಸಿತು. ತುಂಬಿಸಲೂ ದುಡ್ಡು, ತೆಗೆಸಲೂ ದುಡ್ಡು. ಮನೆಯವರು ಕೋರ್ಟಿಗೆ ಹೋದರು. ಕ್ವಿಬೆಕ್‌ನಲ್ಲಿ ವರ್ಷಗಟ್ಟಲೆ ನಡೆದ ದಾವೆಯನ್ನು 1991ರಲ್ಲಿ ನ್ಯಾಯಾಧೀಶರು ವಜಾ ಮಾಡಿದರು. ಆ ನೊರೆಯಿಂದ ತೊಂದರೆಯಾಗಿದೆ ಎಂಬುದು ಸಾಬೀತಾಗಿಲ್ಲ ಎಂದರು. ಅಷ್ಟರಲ್ಲಿ ನೊರೆಯೂ ಹೋಗಿತ್ತು, ಹಣವೂ ಹೋಗಿತ್ತು. ಈ ಪ್ರಕರಣದಲ್ಲಿ ತಪ್ಪದೆ ಬೆಚ್ಚಗಿದ್ದವರು ವಕೀಲರು.

ಇನ್ನೊಂದು ಕಂತು ಬಂದದ್ದು 2021ರ ಮೇ ತಿಂಗಳಲ್ಲಿ. 260 ಕೋಟಿ ಡಾಲರ್, ಏಳು ಲಕ್ಷ ಮನೆಗಳ ಗುರಿ, ಏಳು ವರ್ಷದ ಅವಧಿ, ಮನೆಗೆ ಗರಿಷ್ಠ 5,000 ಡಾಲರ್. ಅದರ ದರಪಟ್ಟಿಯನ್ನು ನಾನು ಪಂಚಾಂಗ ಓದುವ ಶ್ರದ್ಧೆಯಿಂದ ಓದಿದೆ. ಮಾಡಿನ ಮೇಲೆ ಸೋಲಾರ್ ಫಲಕ ಹಾಕಿಸಿದರೆ 5,000 ಡಾಲರ್‌ವರೆಗೆ. ಹೀಟ್ ಪಂಪ್ ಕೂಡಿಸಿದರೆ 5,000ದವರೆಗೆ. ಸಂದುಗೊಂದು ಮುಚ್ಚಿ ಗಾಳಿ ಸೋರುವುದನ್ನು ನಿಲ್ಲಿಸಿದರೆ ಗರಿಷ್ಠ 1,000. ಹಳೆಯ ಮನೆಗಳಲ್ಲಿ ಕಳೆದುಹೋಗುವ ಶಾಖದಲ್ಲಿ ಶೇ. 25ರಿಂದ 40ರಷ್ಟು ಈ ಸೋರಿಕೆಯಿಂದಲೇ ಹೋಗುತ್ತದೆಂದು ಅದೇ ಸರ್ಕಾರದ ಕೈಪಿಡಿ ಹೇಳುತ್ತದೆ. ಕೈಪಿಡಿ ಬರೆಯುವವರೂ ದರ ನಿಗದಿ ಮಾಡುವವರೂ ಊಟಕ್ಕೆ ಬೇರೆ ಬೇರೆ ಕ್ಯಾಂಟೀನಿಗೆ ಹೋಗುತ್ತಾರೆಂದು ಕಾಣುತ್ತದೆ. ಹೊರಗೋಡೆಗೆ ಇನ್ಸುಲೇಷನ್ ಹೊದಿಸಲಿಕ್ಕೂ ಪಟ್ಟಿಯಲ್ಲಿ 5,000ದವರೆಗೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮನೆಯ ಹೊರಮೈಯನ್ನೆಲ್ಲ ಬಿಚ್ಚಿಸುವ ಖರ್ಚಿನ ಎದುರು ಆ ಮೊತ್ತ ಸಾಸಿವೆ. ಜನ ಕಿಟಕಿ ಬದಲಿಸಿದರು, ಯಂತ್ರ ತಂದರು. ಏಳು ವರ್ಷಕ್ಕೆಂದು ತಂದ ಯೋಜನೆ 2024ರ ಆರಂಭದಲ್ಲೇ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು. ಸೋರಿಕೆಯನ್ನು ಪೂರ್ತಿ ತಡೆದ ಬಾಗಿಲು ಅದೊಂದೇ.

ಹೀಟ್ ಪಂಪಿನ ಮೇಲೆ ನನಗೆ ಹಗೆಯಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ ತಂದುಕೊಡುವ ಒಳ್ಳೆಯ ಯಂತ್ರ ಅದು. ಅದನ್ನು ಸೋರುವ ಮನೆಗೆ ಕೂಡಿಸುವುದೆಂದರೆ ತೂತುಬಿಂದಿಗೆಗೆ ಇನ್ನೂ ಜೋರಾಗಿ ಸುರಿಯುವ ನಲ್ಲಿ ಹಾಕಿಸಿದ ಹಾಗೆ. ನಲ್ಲಿಯ ಕಂಪನಿಗೆ ಸಂತೋಷ, ನಲ್ಲಿಗೆ ಅನುದಾನ ಕೊಟ್ಟವರಿಗೆ ಕೀರ್ತಿ. ನೀರಿನ ಬಿಲ್ಲು ಕಟ್ಟುವವನು ಮಾತ್ರ ಮನೆಯೊಳಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಾನೆ.

ಇಂಗ್ಲೆಂಡಿನ ಕಥೆ ಹೇಳದಿದ್ದರೆ ಅಲ್ಲಿರುವ ನಮ್ಮ ಡಾಕ್ಟರುಗಳೂ ಸಾಫ್ಟ್‌ವೇರಿನವರೂ ಬೇಸರಪಟ್ಟುಕೊಂಡಾರು. 2016ರಿಂದ ಕಟ್ಟುವ ಹೊಸ ಮನೆಗಳೆಲ್ಲ ಶೂನ್ಯ ಇಂಗಾಲದವು ಎಂದು 2006ರಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ಗಡುವಿಗೆ ಕೆಲವೇ ತಿಂಗಳಿರುವಾಗ, 2015ರಲ್ಲಿ, ಇನ್ನೊಂದು ಸರ್ಕಾರ ಅದನ್ನು ಕೈಬಿಟ್ಟಿತು. 2020ರಲ್ಲಿ 150 ಕೋಟಿ ಪೌಂಡಿನ ಹಸಿರು ಮನೆ ಅನುದಾನ ಬಂತು, ಆರು ಲಕ್ಷ ಮನೆಗಳನ್ನು ಸುಧಾರಿಸುತ್ತೇವೆಂದು. ಆರೇ ತಿಂಗಳಿಗೆ ಅದಕ್ಕೆ ಬೀಗ ಬಿತ್ತು. ಲೆಕ್ಕಪರಿಶೋಧನೆಯ ಅಂದಾಜಿನಲ್ಲಿ ಸುಧಾರಿಸಿದವು 47,500 ಮನೆ, ಖರ್ಚು 31.4 ಕೋಟಿ ಪೌಂಡು. ಅದರಲ್ಲಿ 5 ಕೋಟಿ ಬರೀ ಆಡಳಿತದ ವೆಚ್ಚ, ಎಂದರೆ ಮನೆಯೊಂದಕ್ಕೆ ಸಾವಿರ ಪೌಂಡಿಗೂ ಮಿಗಿಲು. ಗೋಡೆಗಿಂತ ಮೊದಲು ಕಡತ ಬೆಚ್ಚಗಾಯಿತು.

ಆದರೆ ಕಿರೀಟ ಸಲ್ಲಬೇಕಾದದ್ದು ಆಮೇಲಿನ ಯೋಜನೆಗಳಿಗೆ. ಕೊನೆಗೂ ಯಂತ್ರ ಬಿಟ್ಟು ಗೋಡೆಗೆ ಬಂದರಪ್ಪ ಎಂದು ಸಮಾಧಾನಪಡುವಷ್ಟರಲ್ಲಿ, 2025ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಲೆಕ್ಕಪರಿಶೋಧನಾ ಕಚೇರಿ ವರದಿ ಕೊಟ್ಟಿತು: ಈ ಯೋಜನೆಗಳಡಿ ಹೊರಗೋಡೆಗೆ ಹೊದಿಸಿದ ಇನ್ಸುಲೇಷನ್ನಿನಲ್ಲಿ ಶೇ. 98ರಷ್ಟರಲ್ಲಿ ಸರಿಪಡಿಸಲೇಬೇಕಾದ ದೊಡ್ಡ ದೋಷಗಳಿವೆ. 22,000ಕ್ಕೂ ಹೆಚ್ಚು ಮನೆಗಳು. ನೂರಕ್ಕೆ ತೊಂಬತ್ತೆಂಟು! ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊದಿಸಿದ್ದರೂ ಅಪ್ಪಿತಪ್ಪಿ ಇದಕ್ಕಿಂತ ಹೆಚ್ಚು ಮನೆ ಸರಿಯಾಗುತ್ತಿದ್ದವು. ಇಷ್ಟು ಪಕ್ಕಾ ಫಲಿತಾಂಶಕ್ಕೆ ತರಬೇತಿ ಬೇಕು.

ದೋಷ ಎಂದರೆ ಬರೀ ಬಣ್ಣ ಕಿತ್ತಿದ್ದಲ್ಲ. ಒಳಗೆ ಅಡಿಗೆ, ಸ್ನಾನ, ಉಸಿರು, ಒಣಹಾಕಿದ ಬಟ್ಟೆ ಎಲ್ಲದರಿಂದಲೂ ಗಾಳಿಗೆ ತೇವ ಸೇರುತ್ತದೆ. ಆ ಬೆಚ್ಚನೆಯ ತೇವದ ಗಾಳಿ ಗೋಡೆಯ ಸಂದಿನೊಳಗೆ ಹೊಕ್ಕು, ತಣ್ಣನೆಯ ಹಲಗೆಗೆ ತಾಗಿದ ತಕ್ಷಣ ನೀರಾಗುತ್ತದೆ. ನೀರಾದರೆ ಬೂಷ್ಟು, ಬೂಷ್ಟಿನಿಂದ ಮಕ್ಕಳಿಗೆ ಕೆಮ್ಮು. ಕಟ್ಟಡ ವಿಜ್ಞಾನದವರು ಉತ್ತರ ಅಮೆರಿಕದ ಚಳಿಯಲ್ಲಿ ಲೆಕ್ಕ ಹಾಕಿ ಇಟ್ಟಿದ್ದಾರೆ: ಎಂಟಡಿ ಉದ್ದ ನಾಲ್ಕಡಿ ಅಗಲದ ಒಂದು ಜಿಪ್ಸಂ ಹಲಗೆಯ ಮೈಯಿಂದ ಚಳಿಗಾಲವಿಡೀ ಒಳಗೆ ನುಸುಳುವ ತೇವ ಒಂದು ಲೀಟರಿನ ಮೂರನೇ ಒಂದು ಪಾಲು. ಅದೇ ಹಲಗೆಯಲ್ಲಿ ಒಂದು ಚದರ ಇಂಚಿನ ತೂತು ಬಿಟ್ಟರೆ? ಹತ್ತಿರ ಹತ್ತಿರ 30 ಲೀಟರ್. ತೂತಿನ ಮಹಿಮೆ ಅಂಥದ್ದು. ಹಾಗಾಗಿ ಸೋರಿಕೆ ಮುಚ್ಚದೆ, ಗಾಳಿಯಾಡುವ ವ್ಯವಸ್ಥೆ ಮಾಡದೆ ಇನ್ಸುಲೇಷನ್ ತುರುಕಿದವನು ಮನೆಯನ್ನು ಬೆಚ್ಚಗೆ ಮಾಡುವುದಿಲ್ಲ. ಅಣಬೆ ಬೇಸಾಯಕ್ಕೆ ಹದಮಾಡುತ್ತಾನೆ.

ಹಳೆಯ ಮನೆಯನ್ನು ಸರಿಪಡಿಸುವ ದಾರಿಯೇ ಇಲ್ಲವೆಂದಲ್ಲ. ಆರ್ ಮತ್ತು ಡ್ಯುಮಾಂಟ್ 1982ರಲ್ಲಿ ಅದನ್ನೂ ಮಾಡಿ ತೋರಿಸಿದರು. ಸಸ್ಕಾಟೂನ್ ನಗರದ ಒಂದು ಸಾಧಾರಣ ಬಂಗಲೆ. ಗೋಡೆಗೂ ಮಾಡಿಗೂ ಪಾಲಿಥೀನ್ ಹಾಳೆಯನ್ನು ಒಂದೇ ಸಮನೆ ಸುತ್ತಬೇಕು, ನಡುವೆ ಮಾಡಿನ ಚಾಚು ಅಡ್ಡ ಬರುತ್ತದೆ. ಏನು ಮಾಡುವುದು? ಮರ ಕಡಿಯುವ ಚೈನ್ ಸಾ ತಂದು ಸುತ್ತಲಿನ ಚಾಚನ್ನೆಲ್ಲ ಕತ್ತರಿಸಿ ಕೆಡವಿದರು. ಬೋಳು ಮನೆಗೆ ಹಾಳೆ ಸುತ್ತಿ, ಅದರ ಮೇಲೆ ದಪ್ಪನೆಯ ಇನ್ಸುಲೇಷನ್ ಕೂಡಿಸಿ, ಹೊಸ ಚಾಚು ಜೋಡಿಸಿದರು. ಅಕ್ಕಪಕ್ಕದವರು ಏನೆಂದುಕೊಂಡರೋ. ಗಾಳಿಯ ಸೋರಿಕೆ 2.95ರಿಂದ 0.29ಕ್ಕೆ ಬಿತ್ತು. ಸೊನ್ನೆಗಿಂತ 34 ಡಿಗ್ರಿ ಕೆಳಗಿನ ಚಳಿಯಲ್ಲಿ ಮನೆಗೆ ಬೇಕಿದ್ದ ಶಾಖ 13.1 ಕಿಲೋವಾಟ್‌ನಿಂದ 5.45ಕ್ಕೆ ಇಳಿಯಿತು. ಅಳತೆ ಸಮೇತ ವರದಿ ಪ್ರಕಟಿಸಿದರು. ಇಷ್ಟು ಸ್ಪಷ್ಟವಾದ ಪುರಾವೆಯನ್ನು ಯಾವ ಸರ್ಕಾರ ಕ್ಷಮಿಸುತ್ತದೆ? ಚೈನ್ ಸಾ ಹಿಡಿದು ಮನೆಯ ಮೇಲೆ ಹತ್ತಿದವನ ಜೊತೆ ಫೋಟೋ ತೆಗೆಸಿಕೊಳ್ಳಲು ವಿಮಾ ಕಂಪನಿಯೂ ಒಪ್ಪಲಿಕ್ಕಿಲ್ಲ.

ಸರ್ಕಾರವನ್ನೇ ಬಯ್ಯುತ್ತಾ ಕೂತರೆ ನಮ್ಮವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ನಾನಿರುವುದು ಟೊರೊಂಟೊ ಪಕ್ಕದ ಊರಿನಲ್ಲಿ. ಇಲ್ಲಿ ಕನ್ನಡದವರು ಮನೆ ಕೊಳ್ಳುವ ಶೈಲಿಯ ಬಗ್ಗೆ ಒಂದು ಪ್ರಬಂಧ ಮಂಡಿಸಿ ಡಾಕ್ಟರೇಟ್ ಪಡೆಯಬಹುದು. ಮೊದಲ ಪ್ರಶ್ನೆ: ಬಾಗಿಲು ಯಾವ ದಿಕ್ಕಿಗೆ? ವಾಸ್ತುವಿನ ಪ್ರಕಾರ ಉತ್ತರ, ಪೂರ್ವಕ್ಕೆ ತೆರಪು ಹೆಚ್ಚಿರಬೇಕು. ದಕ್ಷಿಣವನ್ನು ಮುಚ್ಚಿಕೊಂಡಷ್ಟೂ ಒಳ್ಳೆಯದು. ಬಿಸಿಲು ಬೇಡದ ನಾಡಿನಲ್ಲಿ ಅದಕ್ಕೊಂದು ಅರ್ಥವಿದ್ದೀತು. ಟೊರೊಂಟೊದಲ್ಲಿ ಡಿಸೆಂಬರಿನ ಮಧ್ಯಾಹ್ನದ ಸೂರ್ಯ 23 ಡಿಗ್ರಿಯಷ್ಟು ಎತ್ತರಕ್ಕೆ ಬರುತ್ತಾನೆ, ಅದೂ ದಕ್ಷಿಣದಲ್ಲಿ ಮಾತ್ರ. ಬಿಟ್ಟಿ ಶಾಖ ಸಿಗುವ ಒಂದೇ ದಿಕ್ಕು ಅದು. ಆದರೆ ದಕ್ಷಿಣ ಯಮನ ದಿಕ್ಕಲ್ಲವೇ! ಮುಚ್ಚಿ ಎನ್ನುತ್ತಾರೆ. ಕೆನಡಾದಲ್ಲಿ ಯಮ ಆರ್ಕ್ಟಿಕ್ ಕಡೆಯಿಂದ ಬರುತ್ತಾನೆ, ಉತ್ತರದ ದೊಡ್ಡ ಕಿಟಕಿಯ ಮೂಲಕವೇ. ಉತ್ತರ ಕುಬೇರನ ದಿಕ್ಕು ಎನ್ನುವುದು ಮಾತ್ರ ಇಲ್ಲೂ ಪೂರ್ತಿ ನಿಜ. ಅಲ್ಲಿ ಕಿಟಕಿ ದೊಡ್ಡದಾದಷ್ಟೂ ಗ್ಯಾಸ್ ಕಂಪನಿಯ ಮನೆಗೆ ಕುಬೇರ ತಪ್ಪದೆ ಹೋಗುತ್ತಾನೆ.

ಎರಡನೆಯ ಪ್ರಶ್ನೆ ಗ್ರಾನೈಟ್ ಕಟ್ಟೆಯದು, ಮೂರನೆಯದು ಬೇಸ್‌ಮೆಂಟನ್ನು ಬಾಡಿಗೆಗೆ ಕೊಡಬಹುದೇ ಎನ್ನುವುದು. ಪರಿಚಯದ ದಂಪತಿಯೊಂದಿಗೆ ಮನೆ ನೋಡಲು ಹೋದಾಗ, ‘ಗೋಡೆಯೊಳಗೆ ಏನು ತುಂಬಿದ್ದಾರೆ?’ ಎಂದು ಕೇಳಿ ನಾನು ಮರ್ಯಾದೆ ಕಳೆದುಕೊಂಡೆ. ಏಜೆಂಟರು ಧಾರವಾಡದ ಕಡೆಯವರು, ನಕ್ಕುಬಿಟ್ಟರು. ‘ಏನ್ರೀ ಸರ, ಇಷ್ಟು ಮಂದಿಗೆ ಮನಿ ಮಾರೇನಿ, ಗ್ವಾಡಿ ಒಳಗ ಏನೈತಿ ಅಂತ ಒಬ್ಬರೂ ಕೇಳಿಲ್ರೀ. ಅದ ನೋಡ್ರಿ, ಪಾಟ್ ಲೈಟ್ ಎಷ್ಟ ಛಂದ ಕುಂತಾವ!’

ಪಾಟ್ ಲೈಟ್ ಎಂದರೆ ಚಾವಣಿಯನ್ನು ದುಂಡಗೆ ಕೊರೆದು ಹುದುಗಿಸುವ ದೀಪ. ಮೇಲಿನ ಮಹಡಿಯಲ್ಲಿ, ಅಟ್ಟದ ಕೆಳಗೆ, ಅದನ್ನು ಸರಿಯಾಗಿ ಮುಚ್ಚದೆ ಕೂಡಿಸಿದರೆ ಪ್ರತಿಯೊಂದು ದೀಪವೂ ಬೆಚ್ಚನೆಯ ಗಾಳಿಗೊಂದು ಚಿಮಣಿ. ಇರುವ ಚಾವಣಿಯನ್ನು ಜರಡಿ ಮಾಡಿಸಿಕೊಳ್ಳಲು ಜನ ಹೆಚ್ಚುವರಿ ಹಣ ಕೊಡುತ್ತಾರೆ, ಅದಕ್ಕೆ ‘ಅಪ್‌ಗ್ರೇಡ್’ ಎಂದು ಹೆಸರು. ಆ ಶಾಖ ಅಟ್ಟ ಸೇರಿ ಮಾಡಿನ ಹಿಮ ಕರಗಿಸುತ್ತದೆ. ಕರಗಿದ ನೀರು ತಣ್ಣಗಿರುವ ಅಂಚಿಗೆ ಹರಿದು ಮತ್ತೆ ಹೆಪ್ಪುಗಟ್ಟಿ, ಉದ್ದುದ್ದ ಮಂಜಿನ ಕೋಲುಗಳಾಗಿ ಇಳಿಬೀಳುತ್ತದೆ. ಅದರ ಫೋಟೋ ತೆಗೆದು ‘ನಮ್ಮನೆ ಮುಂದೆ ಸ್ವಿಟ್ಜರ್‌ಲೆಂಡ್’ ಎಂದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ. ಮೈಸೂರಿನ ಅತ್ತೆ ಹೃದಯದ ಚಿಹ್ನೆ ಒತ್ತುತ್ತಾರೆ. ಅತ್ತೆಗೆ ಗೊತ್ತಿಲ್ಲ, ಅಳಿಯಂದಿರು ಕಳಿಸಿದ್ದು ಜನವರಿ ತಿಂಗಳ ಗ್ಯಾಸ್ ಬಿಲ್ಲಿನ ಫೋಟೋ.

ಅಡಿಗೆಮನೆಯ ವಿಚಾರ ಬೇರೆಯೇ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಇಡೀ ಬೀದಿಯ ಹೊಗೆ ಅಲಾರಂ ಕೂಗಬಾರದಲ್ಲ. ಅದಕ್ಕಾಗಿ ನಿಮಿಷಕ್ಕೆ 600 ಘನ ಅಡಿ ಗಾಳಿ ಎಳೆಯುವ ಚಿಮಣಿ ಫ್ಯಾನ್. 1,800 ಚದರ ಅಡಿಯ ಮನೆಯ ಗಾಳಿಯನ್ನೆಲ್ಲ ಅದು ಅರ್ಧ ಗಂಟೆಯೊಳಗೆ ಬೀದಿಗೆ ಚೆಲ್ಲಬಲ್ಲದು. ಸಾರಿನ ಕುದಿ ಮುಗಿಯುವಷ್ಟರಲ್ಲಿ ನಾವು ಕಾಯಿಸಿದ ಗಾಳಿಯೆಲ್ಲ ನೆರೆಯವರ ಅಂಗಳದಲ್ಲಿರುತ್ತದೆ. ಬಿಗಿಯಾದ ಮನೆಯಲ್ಲಿ ಅಪಾಯವೂ ಉಂಟು: ಹೋದಷ್ಟು ಗಾಳಿ ಎಲ್ಲಿಂದಾದರೂ ಬರಲೇಬೇಕು, ಗ್ಯಾಸ್ ಗೀಸರಿನ ಹೊಗೆಕೊಳವೆಯಿಂದಲೇ ವಿಷಗಾಳಿಯನ್ನು ಒಳಕ್ಕೆ ಎಳೆದುಕೊಂಡೀತು. ಎಳೆದ ಗಾಳಿಗೆ ಬದಲಿ ಗಾಳಿಯ ದಾರಿ ಮಾಡಬೇಕೆಂದು ತಿಳಿದವರು ಹೇಳುತ್ತಾರೆ. ತಿಳಿದವರನ್ನು ಯಾರೂ ಗೃಹಪ್ರವೇಶಕ್ಕೆ ಕರೆಯುವುದಿಲ್ಲ.

ಸ್ವರ್ಗಕ್ಕೆ ಕಿಚ್ಚು ಹಚ್ಚಲು ಬೇಕಾದ ಸಾಮಗ್ರಿಗಳ ಪಟ್ಟಿಯಲ್ಲಿ ಸರ್ವಜ್ಞ ಬೆಚ್ಚಗಿನ ಮನೆಯನ್ನು ಮೊದಲು ಬರೆದ, ಖರ್ಚಿಗೆ ಹಣವನ್ನು ಆಮೇಲೆ. ಇಲ್ಲಿನ ಮನೆ ಮಾರುವವರು ಆ ಎರಡನ್ನು ಒಟ್ಟಿಗೇ ಓದಿಕೊಂಡಿದ್ದಾರೆ: ಮನೆ ಬೆಚ್ಚಗಿರಬೇಕಾದರೆ ಖರ್ಚಿಗೆ ಹಣ ಇರಲಿ ಎಂದು.

ಇನ್ನು ಗಗನಚುಂಬಿಗಳು. ಟೊರೊಂಟೊದ ಸರೋವರದ ದಂಡೆಯಲ್ಲಿ ನೆಲದಿಂದ ಚಾವಣಿಯವರೆಗೆ ಗಾಜಿನ ಫ್ಲ್ಯಾಟುಗಳು ಸಾಲುಸಾಲಾಗಿ ನಿಂತಿವೆ. 1977ರ ಮರದ ಗೋಡೆಯ ಅಂಕಿ 40 ಎಂದೆನಲ್ಲ, ಈ ಗಾಜಿನ ಗೋಡೆಯದು 3ರ ಆಚೀಚೆ. ಸಾಲದ್ದಕ್ಕೆ ಒಳಗಿನ ಕಾಂಕ್ರೀಟ್ ನೆಲವನ್ನೇ ಹೊರಕ್ಕೆ ಚಾಚಿ ಬಾಲ್ಕನಿ ಮಾಡುತ್ತಾರೆ. ಒಳಗೆ ಕಾಯಿಸಿದ ನೆಲದ ಶಾಖ ನೇರವಾಗಿ ಬೀದಿಗೆ ಹೋಗಲು ಕಾಂಕ್ರೀಟಿನ ರಾಜಮಾರ್ಗ. ಷಿಕಾಗೊದಲ್ಲಿ ಅಕ್ವಾ ಎಂಬ 82 ಮಹಡಿಯ ಕಟ್ಟಡವಿದೆ, ಅಲೆಅಲೆಯಾದ ಬಾಲ್ಕನಿಗಳಿಂದ ಬಲು ಸುಂದರ. ಕಟ್ಟಡ ವಿಜ್ಞಾನಿ ಜೋಸೆಫ್ ಸ್ಟಿಬುರೆಕ್ ಅದನ್ನು ನೋಡಿ 82 ಮಹಡಿಯ ಹೀಟ್ ಎಕ್ಸ್‌ಚೇಂಜರ್ ಎಂದು ಗೇಲಿ ಮಾಡಿದರು. ಇಂಥ ಗಾಜಿನ ಗೋಪುರಗಳೂ ಹಸಿರು ಪ್ರಮಾಣಪತ್ರ ಪಡೆಯುವುದುಂಟು. ಸೈಕಲ್ ನಿಲ್ಲಿಸಲು ಜಾಗ ಬಿಟ್ಟರೂ ಆ ಪದ್ಧತಿಯಲ್ಲಿ ಅಂಕ ಸಿಗುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಸೈಕಲ್ ತುಳಿಯುವವನು ಹೇಗೂ ಬೆಚ್ಚಗಾಗುತ್ತಾನೆ, ಕಟ್ಟಡಕ್ಕೇಕೆ ಚಿಂತೆ?

ಅದೇ ಗಾಜಿನ ನಕ್ಷೆಯನ್ನು ಬೆಂಗಳೂರಿನ ಹೊರವರ್ತುಲ ರಸ್ತೆಗೆ ತಂದು ನಿಲ್ಲಿಸಿದ್ದೇವೆ. ಬಿಸಿಲು ಬರಲೆಂದು ಗಾಜು, ಬಂದ ಬಿಸಿಲಿಗೆ ಪರದೆ, ಪರದೆಯ ಕತ್ತಲೆಗೆ ಟ್ಯೂಬ್‌ಲೈಟು, ಎಲ್ಲದರ ಕಾವಿಗೆ ಏಸಿ. ಇಲ್ಲಿ ಚಳಿಗೆ ಒಗ್ಗದ್ದು ಅಲ್ಲಿ ಬಿಸಿಲಿಗೂ ಒಗ್ಗಲಿಲ್ಲ. ಎರಡೂ ಕಡೆ ಒಗ್ಗಿದ್ದು ಬ್ರೋಚರಿಗೆ ಮಾತ್ರ. ಅದರ ವಿಚಾರಣೆ ಇನ್ನೊಂದು ವಾರಕ್ಕಿರಲಿ.

ಚಳಿದೇಶದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರಿಗೆ ಒಂದೆರಡು ಮಾತು. ಬ್ಲೋವರ್ ಡೋರ್ ಎಂಬ ಪರೀಕ್ಷೆಯಿದೆ: ಬಾಗಿಲಿಗೆ ಫ್ಯಾನ್ ಕಟ್ಟಿ, ಮನೆ ಎಷ್ಟು ಸೋರುತ್ತದೆಂದು ಒಂದೇ ಅಂಕಿಯಲ್ಲಿ ಹೇಳಿಬಿಡುತ್ತಾರೆ. ಬಾಗಿಲಿನ ದಿಕ್ಕು ಕೇಳುವ ಮೊದಲು ಆ ಅಂಕಿ ಕೇಳಿ. ಏಜೆಂಟರು ನಕ್ಕರೆ ನಗಲಿ. ಅಂಕಿ ಸಿಗದಿದ್ದರೆ ಹಿಮ ಬಿದ್ದ ಮರುದಿನ ಬೆಳಿಗ್ಗೆ ಆ ಬೀದಿಯಲ್ಲಿ ಒಂದು ಸುತ್ತು ನಡೆಯಿರಿ. ಎಲ್ಲರ ಮಾಡೂ ಕರಗಿ ತೊಟ್ಟಿಕ್ಕುತ್ತಿರುವಾಗ ಯಾವ ಮನೆಯ ಮಾಡಿನ ಮೇಲೆ ಹಿಮ ಬಿದ್ದದ್ದು ಬಿದ್ದ ಹಾಗೇ ಕೂತಿದೆಯೋ ಅದನ್ನು ಗುರುತಿಟ್ಟುಕೊಳ್ಳಿ. ಒಳಗೆ ಜನ ವಾಸವಿದ್ದಾರೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಖಾಲಿ ಮನೆಯ ಮೇಲೂ ಹಿಮ ಕರಗುವುದಿಲ್ಲ. ಜನ ಇದ್ದರೆ ಬೆಲ್ ಒತ್ತಿ ಬೆಲೆ ವಿಚಾರಿಸಿ. ಮಾರುವುದಿಲ್ಲ ಎನ್ನುತ್ತಾರೆ.